ನೆಟಿಗೆ ಬೇಡ ಕಾಕಾ

ಇವತ್ತು ಧಾರವಾಡದ ಲೈನ್ ಬಜಾರಿನಲ್ಲಿ ಕ್ಷೌರ.
ಕತ್ತರಿ ಕೆಳಗಿಟ್ಟ ಕಾಕಾ ಎಂದಿನಂತೆ ಗದ್ದಕ್ಕೊಂದು ಕೈ, ನೆತ್ತಿಗೊಂದು ಕೈ ಕೊಟ್ಟರು. ಕುತ್ತಿಗೆ ಲಟಕ್ಕೆನ್ನಿಸುವ ಸಿದ್ಧತೆ.

"ಬೇಡ ಕಾಕಾ" ಎಂದೆ.

ಮಿದುಳಿಗೆ ರಕ್ತ ಒಯ್ಯುವ ನಾಲ್ಕು ದೊಡ್ಡ ನಾಳಗಳೂ ಈ ಕುತ್ತಿಗೆಯಲ್ಲೇ ಹಾದುಹೋಗುತ್ತವೆ. ಮುಂದಿನ ಎರಡು, ಗಂಟಲ ಪಕ್ಕ ಬೆರಳಿಟ್ಟರೆ ಮಿಡಿಯುತ್ತವೆ. ಹಿಂದಿನ ಎರಡು, ಕತ್ತಿನ ಮೂಳೆಗಳ ತೂತಿನಲ್ಲಿ ದಾರ ಪೋಣಿಸಿದ ಹಾಗೆ ಮೇಲೇರುತ್ತವೆ. ಜೋರಾಗಿ ತಿರುವಿದರೆ ಒಳಪದರ ಹರಿಯಬಹುದು. ಅಪರೂಪ, ನಿಜ. ಆದರೆ ಪಾರ್ಶ್ವವಾಯುವಿಗೆ ಅಷ್ಟೇ ಸಾಕು.

ಮಿದುಳಿಗೇನೋ ಬುರುಡೆ, ಮೂರು ಪೊರೆ, ನಡುವೆ ನೀರು, ಅರಮನೆಯ ಕಾವಲು. ದಾರಿಗೆ ಕಾವಲು ಕಡಿಮೆ.

"ಮೂವತ್ತು ವರ್ಷದಿಂದ ತೆಗೆಯುತ್ತಿದ್ದೇನೆ, ಯಾರಿಗೂ ಏನೂ ಆಗಿಲ್ಲ" ಎಂದು ಕಾಕಾ ನಕ್ಕರು. ಆಮೇಲೆ ಅಂಗೈಗೆ ಎಣ್ಣೆ ಸುರಿದುಕೊಂಡು ತಲೆ ತಟ್ಟತೊಡಗಿದರು.

ಅದಕ್ಕೆ ನಾನು ಬೇಡ ಎನ್ನಲಿಲ್ಲ.