ರಟ್ಟಿನ ಕಲೋನ್ ಚರ್ಚ್: ಗೋಪುರ ಅರ್ಧಕ್ಕೆ ನಿಂತಿದೆ

ನಾಲ್ಕು ತಿಂಗಳಾಯ್ತು, ಜರ್ಮನಿಯ ಕಲೋನ್ ಕ್ಯಾಥೆಡ್ರಲ್ ಇನ್ನೂ ನಮ್ಮ ಊಟದ ಮೇಜಿನ ಮೇಲೇ ಇದೆ. 1:200 ಅಳತೆ. ಅಂದರೆ 157 ಮೀಟರಿನ ಗೋಪುರ ನನ್ನ ಕೈಯಲ್ಲಿ 78.5 ಸೆಂಟಿಮೀಟರ್. ಅಸಲಿ ಕಟ್ಟಡ ಯಾವ ಕ್ರಮದಲ್ಲಿ ಎದ್ದಿತೋ ಅದೇ ಕ್ರಮದಲ್ಲಿ ಕಟ್ಟಬೇಕು ಅಂತ ಹಠ ಹಿಡಿದಿದ್ದೇನೆ, ಅದಕ್ಕೇ ತಡ.

ಅಲ್ಲಿ ಕೆಲಸ ಶುರುವಾದದ್ದು 1248ರಲ್ಲಿ, ಪೂರ್ವದ ತುದಿಯಿಂದ. ಪೂಜೆ ನಡೆಯುವ ಭಾಗ ಮೊದಲು, ಮಿಕ್ಕದ್ದು ಆಮೇಲೆ. 1322ರಲ್ಲಿ ಅದರ ಪ್ರತಿಷ್ಠೆಯೂ ಆಯಿತು. ಪಶ್ಚಿಮದ ಕಡೆ ಬಾಯಿ ತೆರೆದಿತ್ತಲ್ಲ, ಅಲ್ಲಿಗೊಂದು ತಾತ್ಕಾಲಿಕ ಗೋಡೆ ಎಬ್ಬಿಸಿದ್ದರು. ಆ 'ತಾತ್ಕಾಲಿಕ' ಗೋಡೆ ಕೆಡವಿದ್ದು 1863ರಲ್ಲಿ! ನನ್ನದನ್ನು ಬಿಸ್ಕತ್ ಡಬ್ಬದ ರಟ್ಟಿನಲ್ಲಿ ಮಾಡಿ ಟೇಪ್ ಹಚ್ಚಿದ್ದೇನೆ.

ಕಳೆದ ವಾರ ಪೂರ್ತಿ ಆಸರೆ ಕಮಾನುಗಳ ಜೊತೆ ಜಗಳ. ಗೋಡೆ ಅಂದರೆ ಬರೀ ಕಿಟಕಿ, ಅದರ ಮೇಲೆ 43 ಮೀಟರ್ ಎತ್ತರದಲ್ಲಿ ಕಲ್ಲಿನ ಛಾವಣಿ. ಆ ಭಾರ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ಹೊರಗಿನ ಕಮಾನುಗಳು ಅದನ್ನು ಹಿಡಿದು ನೆಲಕ್ಕೆ ಇಳಿಸುತ್ತವೆ. ನಾನು ರಟ್ಟಿನ ನಾರು ಯಾವ ದಿಕ್ಕಿಗಿದೆ ಅಂತ ನೋಡದೆ ಕತ್ತರಿಸಿದ್ದೆ. ಮಳೆಗಾಲದ ತೇವಕ್ಕೆ, ಮೇಲಿಂದ ಅಂಟಿನ ನೀರಿಗೆ, ರಾತ್ರಿ ನೆಟ್ಟಗಿದ್ದ ಕಮಾನುಗಳು ಬೆಳಗ್ಗೆ ಹಪ್ಪಳದ ಹಾಗೆ ಮುರುಟಿಕೊಂಡಿದ್ದವು. ಛಾವಣಿ ಕೂರಿಸಿದ್ದೇ ತಡ, ಗೋಡೆ 3 ಮಿಲಿಮೀಟರ್ ಹೊರಕ್ಕೆ. 12 ಕಮಾನು ಕಿತ್ತು ಹೊಸದಾಗಿ ಕತ್ತರಿಸಿದೆ.

ಈಗ ದಕ್ಷಿಣದ ಗೋಪುರ. ಅದು 60 ಮೀಟರಿನ ಹತ್ತಿರ ಬಂದು ನಿಂತುಹೋಯಿತು, 1560ರ ಹೊತ್ತಿಗೆ ಇಡೀ ಕೆಲಸವೇ ಬಂದ್. ಕಲ್ಲು ಎತ್ತುವ ಮರದ ಕ್ರೇನ್ ಮಾತ್ರ 1868ರವರೆಗೆ ಅಲ್ಲೇ, ಮೊಂಡು ಗೋಪುರದ ತಲೆ ಮೇಲೆ. ಆಳುಗಳು ದೊಡ್ಡ ಚಕ್ರದೊಳಗೆ ನಡೆದು ತಿರುಗಿಸುತ್ತಿದ್ದ ಕ್ರೇನ್ ಅದು. ನನ್ನದಕ್ಕೆ ಊದಬತ್ತಿ ಕಡ್ಡಿ ಸಾಕಾಯಿತು, ಮನೆಯೆಲ್ಲ ಗಂಧದ ವಾಸನೆ.

'ಇಷ್ಟಕ್ಕೇ ಬಿಡಿ, ಕ್ರೇನೇ ಚೆನ್ನಾಗಿದೆ' ಅಂದಳು ಹೆಂಡತಿ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿದೆ. ಆದರೆ ಮುಂಭಾಗದ ಹಳೇ ನಕ್ಷೆಯ ಒಂದು ಅರ್ಧ 1814ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ, ಇನ್ನೊಂದು ಅರ್ಧ 1816ರಲ್ಲಿ ಪ್ಯಾರಿಸ್‌ನಲ್ಲಿ ಸಿಕ್ಕಿ, 1842ರಲ್ಲಿ ಮತ್ತೆ ಉಳಿ ಹಿಡಿದು 1880ಕ್ಕೆ ಮುಗಿಸಿದರಲ್ಲ, ನಾನು ಹೇಗೆ ಬಿಡಲಿ? ನನ್ನ 1842 ದೀಪಾವಳಿ ಆದ ಮೇಲೆ. ಅಲ್ಲಿಯವರೆಗೆ ಊಟ ನೆಲದ ಮೇಲೆ.