ಮೀಟರ್ 38 ತೋರಿಸಿತ್ತು, ಟೀ ಕಪ್ಪಾಗಿತ್ತು

ಹೋದ ವರ್ಷ ಏಪ್ರಿಲ್ ಕೊನೆಯಲ್ಲಿ ಕೊಡಗಿನ ಮಾದಾಪುರದ ಕಡೆ ಒಂದು ಮನೆಗೆ ಫಿಲ್ಟರ್ ಕೂರಿಸಲು ಹೋಗಿದ್ದೆ. ಕುಶಾಲನಗರದಿಂದ ಬೈಕಿನ ಹಿಂದೆ ಡಬ್ಬ ಕಟ್ಟಿಕೊಂಡು, ಸುಂಟಿಕೊಪ್ಪದಲ್ಲಿ ತಿರುಗಿ, ಕಾಫಿ ತೋಟದ ಮಧ್ಯದ ರಸ್ತೆಯಲ್ಲಿ. ಆ ಮನೆ ನೆನಪಾದರೆ ಈಗಲೂ ಬೇಜಾರಾಗುತ್ತದೆ. ಏಳು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಗೊತ್ತಿಲ್ಲದೆ ಆದ ತಪ್ಪಾಗಿದ್ದರೆ ಮರೆತುಬಿಡುತ್ತಿದ್ದೆ. ಮನೆಯವರು ಬಾಯಿಬಿಟ್ಟು ಹೇಳಿದ್ದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಡುಗೆಮನೆಯ ನಲ್ಲಿ ತಿರುಗಿಸಿ ಲೋಟ ಹಿಡಿದೆ. ಮೀಟರ್ ಅದ್ದಿದೆ. ಟಿಡಿಎಸ್, ಅಂದರೆ ಒಂದು ಲೀಟರ್ ನೀರಿನಲ್ಲಿ ಕರಗಿದ ಲವಣಗಳ ಮಿಲಿಗ್ರಾಂ ಲೆಕ್ಕ, 38. ನಮ್ಮ ಕಡೆ ಒರತೆ ನೀರು, ತೆರೆದ ಬಾವಿ ನೀರು ಹೀಗೇ ಇರುತ್ತದೆ. ಇಂಥ ನೀರಿಗೆ ಆರ್‌ಒ (ಮೆಂಬ್ರೇನ್ ಎಂಬ ತೆಳು ಪೊರೆಯಲ್ಲಿ ನೀರು ಒತ್ತಿ ಲವಣ ತೆಗೆದು, ಉಳಿದ ನೀರನ್ನು ಹೊರಗೆ ಬಿಡುವ ಮೆಷಿನ್) ಬೇಕಾಗಿಯೇ ಇಲ್ಲ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳುವ ಮಿತಿ 500. ಅದಕ್ಕಿಂತ ಕಮ್ಮಿ ಇರುವ ಕಡೆ ಆರ್‌ಒ ಬೇಡ ಎಂದು ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಕೊಡಗಿನ ಬಾವಿ ನೀರಿಗೆ ಮಳೆಗಾಲದಲ್ಲಿ ಕ್ರಿಮಿಯದ್ದೇ ಭಯ, ಅದಕ್ಕೆ ಕ್ರಿಮಿ ಕೊಲ್ಲುವ ಯುವಿ ದೀಪ, ಕ್ರಿಮಿ ಸೋಸುವ ಯುಎಫ್ ಸಾಕು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ತಿಂಗಳ ಕೊನೆ. ಬ್ರಾಂಚಿನ ಟಾರ್ಗೆಟ್‌ಗೆ ಎರಡು ಪೀಸ್ ಬಾಕಿ ಇತ್ತು. ಆರ್‌ಒ ಪೀಸಿಗೆ ಇನ್ಸೆಂಟಿವ್ ಜಾಸ್ತಿ. "ಬುಕಿಂಗ್ ಆಗಿದೆ, ಹಾಕಿ ಕಾಲ್ ಕ್ಲೋಸ್ ಮಾಡು" ಅಂತ ಬೆಳಿಗ್ಗೆಯೇ ಫೋನ್ ಬಂದಿತ್ತು. ನಾನೂ ಸುಮ್ನೆ ಹಾಕಲು ನಿಂತೆ.

ಗೋಡೆಗೆ ಎರಡು ತೂತು ಹೊಡೆದು ಮೆಷಿನ್ ತೂಗುಹಾಕಿ, ಎಲ್ಬೋಗೆ ಟೆಫ್ಲಾನ್ ಸುತ್ತುತ್ತಿದ್ದೆ. ಮನೆಯ ಅಜ್ಜಿ ಬೆಲ್ಲದ ಕಾಫಿ ತಂದಿಟ್ಟರು. ಇಟ್ಟು ಅಲ್ಲೇ ನಿಂತರು.

"ಮಗ, ಈಗ ಟ್ಯಾಂಕಲ್ಲಿ ಇರೋದು ಬಾವಿ ನೀರು. ಇನ್ನೊಂದು ವಾರಕ್ಕೆ ಬಾವಿ ತಳ ಕಾಣುತ್ತೆ. ಆಮೇಲೆ ಮಳೆ ಹಿಡಿಯೋವರೆಗೂ ಬೋರಿನ ನೀರೇ. ಅದರಲ್ಲಿ ಟೀ ಕಾಯಿಸಿದ್ರೆ ಕಪ್ಪಗಾಗುತ್ತೆ. ಈ ಮೆಷಿನ್ ಅದಕ್ಕೂ ಆಗುತ್ತಾ?"

ತಲೆ ಕೂಡ ಎತ್ತಲಿಲ್ಲ ನಾನು. "ಎಲ್ಲಾ ನೀರಿಗೂ ಆಗುತ್ತೆ ಅಜ್ಜಿ, ಆರ್‌ಒ ಅಲ್ವಾ" ಅಂದೆ.

ಮೀಟರಿನ ಫೋಟೋ ತೆಗೆದು ಆ್ಯಪ್‌ಗೆ ಹಾಕಿ, ಒಟಿಪಿ ತೆಗೆದುಕೊಂಡು ಹೊರಟೆ.

ಹದಿನೈದು ದಿನಕ್ಕೆ ಅಜ್ಜಿಯ ಮಗ ಫೋನ್ ಮಾಡಿದರು. ಮೆಷಿನ್ ನಿಲ್ಲುತ್ತಲೇ ಇಲ್ಲ, ಟ್ಯಾಂಕ್ ತುಂಬುತ್ತಿಲ್ಲ, ಪಂಪ್ ಒಂಥರಾ ಸದ್ದು ಮಾಡುತ್ತಿದೆ. ಆವತ್ತು ನಾನು ವಿರಾಜಪೇಟೆ ರೂಟಿನಲ್ಲಿದ್ದೆ. "ವೋಲ್ಟೇಜ್ ಕಮ್ಮಿ ಇರಬಹುದು ಸರ್, ಎರಡು ದಿನ ನೋಡಿ" ಅಂದೆ. ಎರಡು ದಿನ ಹೋಗಿ ಒಂದು ವಾರ ಆಯಿತು. ಆ ವಾರವೆಲ್ಲ ಅವರ ಮನೆಯಲ್ಲಿ ಏನಾಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಕುಡಿಯಲು ಒಂದು ಕೊಡ ತುಂಬಲು ಅರ್ಧ ದಿನ. ಬೇಸಿಗೆಯಲ್ಲಿ ಅಷ್ಟು ಕಷ್ಟಪಟ್ಟು ಮೇಲೆತ್ತಿದ ಬೋರಿನ ನೀರು ವೇಸ್ಟ್ ಪೈಪಿನಲ್ಲಿ ಸಿಂಕಿಗೆ ಹರಿದು ಹೋಗುತ್ತಿತ್ತು. ಸಿಂಕಿನ ಸ್ಟೀಲ್ ಮೇಲೆ ಇಟ್ಟಿಗೆ ಬಣ್ಣದ ಗೆರೆ ಬಿದ್ದಿತ್ತು.

ಮುಂದಿನ ಸೋಮವಾರ ಹೋದೆ. ಬಾಗಿಲಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು. ಅಜ್ಜಿ, ಮಗ, ಸೊಸೆ, ಸೊಂಟದ ಮೇಲೆ ಮಗು, ಎಲ್ಲರೂ ಅಡುಗೆಮನೆಯಲ್ಲಿ ಬಂದು ನಿಂತರು. ಇನ್‌ಲೆಟ್ ಬಂದ್ ಮಾಡಿ ಹೊರಗಿನ ಪ್ರೀ-ಫಿಲ್ಟರ್ ಹೌಸಿಂಗ್‌ಗೆ ಸ್ಪ್ಯಾನರ್ ಹಾಕಿದೆ. ಬಿಗಿಯಾಗಿತ್ತು. ಎರಡು ಸಲ ಜಾರಿತು. ಮೂರನೇ ಸಲ ಬಿಟ್ಟುಕೊಂಡಿತು. ಒಳಗಿನ ಸ್ಪನ್ (ಮಣ್ಣು, ಕಸ ಹಿಡಿಯುವ ಉರುಳೆ), ಇಪ್ಪತ್ತೆರಡು ದಿನದ ಹಿಂದೆ ನಾನೇ ಕವರ್ ಹರಿದು ಹಾಕಿದ್ದ ಬಿಳಿ ಸ್ಪನ್, ಹೊಲದ ಕೆಂಪು ಮಣ್ಣಿನಲ್ಲಿ ಹೊರಳಾಡಿಸಿದ ಹಾಗಿತ್ತು. ಮುಟ್ಟಿದರೆ ಲೋಳೆ. ಮೆಂಬ್ರೇನ್ ಎಳೆದೆ. ಅದರ ತುದಿಯೂ ಕಂದು. ಕೈ ತೊಳೆಯಲು ನಲ್ಲಿ ತಿರುಗಿಸಿದರೆ ನೀರು ಕನ್ನಡಿ ಹಾಗೆ ತಿಳಿಯಾಗಿ ಬರುತ್ತಿತ್ತು! ಮೀಟರ್ ಅದ್ದಿದೆ. 112. ಆ ಸಂಖ್ಯೆ ನೋಡಿ ಯಾವ ಟೆಕ್ನಿಷಿಯನ್ನೂ ಹೆದರುವುದಿಲ್ಲ.

ಅಜ್ಜಿ ಏನೂ ಮಾತಾಡದೆ ಒಲೆ ಹಚ್ಚಿದರು. ಸ್ವಲ್ಪ ಹೊತ್ತಿಗೆ ನನ್ನ ಮುಂದೆ ಎರಡು ಗಾಜಿನ ಲೋಟ ಇಟ್ಟರು. ಎರಡರಲ್ಲೂ ಹಾಲು ಹಾಕದ ಟೀ, ಒಂದೇ ಡಬ್ಬದ ಸೊಪ್ಪು. ಬಾವಿಯ ತಳದಿಂದ ಎತ್ತಿದ ನೀರಿನದ್ದು ಜೇನಿನ ಬಣ್ಣ. ನಲ್ಲಿ ನೀರಿನದ್ದು ಮಸಿ ಬಣ್ಣ, ಮೇಲೆ ತೆಳ್ಳಗೆ ಕೆನೆಯ ಹಾಗೆ ಏನೋ ಹೊಳೆಯುತ್ತಿತ್ತು.

"ಇದನ್ನೇ ಹೇಳಿದ್ದು ನಾನು" ಅಂದರು.

ಟೀಯ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಅಜ್ಜಿಯ ಲೋಟ ಹೇಳಿದ್ದನ್ನು ನನ್ನ ಮೀಟರ್ ಹೇಳಲಿಲ್ಲ. ಹೇಳಲು ಅದಕ್ಕೆ ಆಗುವುದೂ ಇಲ್ಲ. ಲೀಟರಿಗೆ ಎರಡು-ಮೂರು ಮಿಲಿಗ್ರಾಂ ಕಬ್ಬಿಣ ಇದ್ದರೂ ಬಿಳಿ ಬಟ್ಟೆ ಹಳದಿಯಾಗುತ್ತದೆ, ಮೆಂಬ್ರೇನ್ ಕಟ್ಟಿಕೊಳ್ಳುತ್ತದೆ. ಟಿಡಿಎಸ್‌ನಲ್ಲಿ ಆ ಎರಡು-ಮೂರು ಎಲ್ಲಿ ಕಾಣಬೇಕು? ಕ್ರಿಮಿಯಂತೂ ಮೊದಲೇ ಕಾಣುವುದಿಲ್ಲ.

ಅಲ್ಲಿಂದಲೇ ಬ್ರಾಂಚಿಗೆ ಫೋನ್ ಮಾಡಿದೆ. ಕೈ ಒದ್ದೆ ಇತ್ತು ಅಂತ ಲೌಡ್‌ಸ್ಪೀಕರ್ ಹಾಕಿದ್ದೆ. "ಇನ್‌ಪುಟ್ ವಾಟರ್ ಪ್ರಾಬ್ಲಮ್. ವಾರಂಟಿಗೆ ಬರಲ್ಲ. ಕಸ್ಟಮರ್‌ಗೆ ಐರನ್ ಫಿಲ್ಟರ್ ಎಸ್ಟಿಮೇಟ್ ಕೊಡು. ಸೈಟ್ ಚೆಕ್ ಮಾಡಿದ್ದು ಯಾರು?" ಅಂದರು. ಅಡುಗೆಮನೆಯಲ್ಲಿ ಎಲ್ಲರಿಗೂ ಕೇಳಿಸಿತು. ಸೈಟ್ ಚೆಕ್ ಮಾಡಿದ್ದು ನಾನೇ. ಸೊಸೆ ಮಗುವನ್ನು ಎತ್ತಿಕೊಂಡು ಆಚೆ ಹೋದರು. ಅಜ್ಜಿಯ ಮಗ ನೆಲ ನೋಡುತ್ತಾ ನಿಂತಿದ್ದರು. ಒಂದು ನಿಮಿಷ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಆಮೇಲೆ, "ತಪ್ಪು ನಂದು ಸರ್. ಅಜ್ಜಿ ಹೇಳಿದ್ರು, ನಾನು ಕೇಳಲಿಲ್ಲ" ಅಂದೆ.

ಬೋರಿನ ಬಾಯಿಂದಲೇ ಒಂದು ಬಾಟಲಿ ನೀರು ಹಿಡಿದುಕೊಂಡು ಹೊರಟೆ. ತುಂಬುವಾಗ ತಿಳಿ. ಕುಶಾಲನಗರ ಮುಟ್ಟುವಾಗ ಹಳದಿ ಬಂದಿತ್ತು. ಬೆಳಿಗ್ಗೆ ನೋಡಿದರೆ ತಳದಲ್ಲಿ ತುಕ್ಕಿನ ಪುಡಿ, ಮೇಲೆ ಮತ್ತೆ ತಿಳಿ ನೀರು. ನೆಲದೊಳಗೆ ಕರಗಿದ್ದ ಕಬ್ಬಿಣ ಗಾಳಿ ತಾಗಿದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಅವರ ಮನೆಗೆ ಬೇಕಿದ್ದ ದಾರಿಯೂ ಅದೇ ಬಾಟಲಿಯಲ್ಲಿತ್ತು.

ಹಿತ್ತಲಲ್ಲಿ ಅವರದ್ದೇ ಹಳೇ 500 ಲೀಟರ್ ಸಿಂಟೆಕ್ಸ್ ಇತ್ತು. ಬೋರಿನ ಲೈನನ್ನು ಅದಕ್ಕೆ ತಿರುಗಿಸಿದೆವು. ಪೈಪಿಗೆ ಸಣ್ಣ ಸಣ್ಣ ತೂತು ಹೊಡೆದು, ನೀರು ಮಳೆ ಹಾಗೆ ಮೇಲಿಂದ ಬೀಳುವಂತೆ ಮಾಡಿದೆವು. ರಾತ್ರಿ ಪೂರ್ತಿ ನಿಂತ ನೀರು ಬೆಳಿಗ್ಗೆ ತಳದಿಂದ ಒಂದಡಿ ಮೇಲಿನ ಔಟ್‌ಲೆಟ್‌ನಿಂದ ಮರಳಿನ ಫಿಲ್ಟರಿಗೆ, ಅಲ್ಲಿಂದ ಮನೆ ಟ್ಯಾಂಕಿಗೆ. ವಾರಕ್ಕೊಮ್ಮೆ ಬ್ಯಾಕ್‌ವಾಶ್ ಮಾಡುವುದನ್ನು, ಅಂದರೆ ನೀರನ್ನು ಉಲ್ಟಾ ಹರಿಸಿ ಮರಳು ತೊಳೆಯುವುದನ್ನು, ಅಜ್ಜಿಯ ಮಗನಿಗೆ ಎದುರಿಗೇ ಮಾಡಿಸಿ ತೋರಿಸಿದೆ. ಹೊಸ ಮೆಂಬ್ರೇನ್, ಸ್ಪನ್ ದುಡ್ಡು ನಾನು ಕೊಟ್ಟೆ. ಬ್ರಾಂಚಿನಿಂದ ಏನೂ ಬರಲಿಲ್ಲ. ಇಷ್ಟಾದ ಮೇಲೂ ಹೇಳುತ್ತೇನೆ, ಆ ಮನೆಗೆ ಆರ್‌ಒ ಬೇಕಿರಲಿಲ್ಲ. ಕಬ್ಬಿಣ ಇಳಿಸಿ ಒಂದು ಯುವಿ ಹಾಕಿದ್ದರೆ ಅವರ ದುಡ್ಡೂ ಉಳಿಯುತ್ತಿತ್ತು, ನೀರೂ ಉಳಿಯುತ್ತಿತ್ತು.

ಈಗ ಯಾವ ಮನೆಗೆ ಹೋದರೂ ಮೀಟರ್ ತೆಗೆಯುವ ಮೊದಲು ಬಚ್ಚಲಿಗೆ ಹೋಗುತ್ತೇನೆ. ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತಿ ನೋಡುತ್ತೇನೆ. ಒಳಗೆ ಕೆಂಪು ಕಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಮನೆಯಲ್ಲಿ ಅಡುಗೆ ಮಾಡುವವರನ್ನು ಕೇಳುತ್ತೇನೆ. ಅನ್ನದ ಬಣ್ಣ ಬದಲಾಗುತ್ತಾ, ಟೀ ಹೇಗೆ ಬರುತ್ತೆ, ಬೇಸಿಗೆಗೆ ಯಾವ ನೀರು, ಮಳೆಗಾಲಕ್ಕೆ ಯಾವುದು. 2018ರ ಭೂಕುಸಿತದಲ್ಲಿ ಒರತೆ ಮುಚ್ಚಿಹೋಗಿ ಬೋರ್ ಕೊರೆಸಿದವರು ಆ ಕಡೆ ಇದ್ದಾರೆ. ಅವರಿಗೆ ಈ ಕೆಂಪು ನೀರು ಹೊಸದು. ಅಂಥ ಮನೆಗಳಲ್ಲಿ ಇನ್ನೂ ಹತ್ತು ನಿಮಿಷ ಜಾಸ್ತಿ ಕೂರುತ್ತೇನೆ.

ಆ್ಯಪ್‌ನಲ್ಲಿ ಈಗಲೂ ನೀರಿನ ಬಗ್ಗೆ ಇರುವುದು ಒಂದೇ ಕಾಲಮ್, ಟಿಡಿಎಸ್. ಕಬ್ಬಿಣಕ್ಕೆ ಒಂದು ಕಾಲಮ್ ಕೊಡಿ, ಕಬ್ಬಿಣ ನೋಡುವ ಕಿಟ್ ಕೊಡಿ ಎಂದು ಮೀಟಿಂಗಿನಲ್ಲಿ ಮೂರು ಸಲ ಕೇಳಿದ್ದೇನೆ. ಸದ್ಯಕ್ಕೆ ರಿಮಾರ್ಕ್ಸ್‌ನಲ್ಲೇ ಬರೆಯುತ್ತಿದ್ದೇನೆ: ಬೇಸಿಗೆ ಬೋರ್, ಮಳೆಗಾಲ ಬಾವಿ, ಟೀ ಕಪ್ಪು. ನಾಳೆ ಆ ರೂಟಿಗೆ ಬೇರೆ ಹುಡುಗ ಹೋದರೆ ಅಷ್ಟಾದರೂ ಓದಿಕೊಂಡು ಹೋಗಲಿ.