ಗ್ಯಾರೇಜಿನಲ್ಲೊಂದು ಬಡಿಗತನದ ಖೋಲಿ

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆಗೆ ಬಾಗಿಲು, ಕಿಟಕಿ ಮಾಡಿಕೊಟ್ಟ ಬಡಿಗೇರರು ಕೆಲಸಕ್ಕೆಂದು ಪ್ರತ್ಯೇಕ ಖೋಲಿಯನ್ನು ಕೇಳಿದವರಲ್ಲ. ದಾಂಡೇಲಿಯಿಂದ ಬಂದ ಸಾಗವಾನಿಯನ್ನು ಹಿತ್ತಲ ಮಾವಿನ ಮರದ ಕೆಳಗೆ ಇಳಿಸಿಕೊಂಡು, ಎರಡು ತಿಂಗಳು ಅಲ್ಲಿಯೇ ಕುಳಿತು, ಅಪ್ಪ ಬಾಯಿಮಾತಿನಲ್ಲಿ ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚಾಗಿಯೇ ಮಾಡಿಕೊಟ್ಟು ಹೋದರು. ಅವರ ಉಳಿಯ ಸದ್ದನ್ನು ಕೇಳುತ್ತ ಬೆಳೆದ ನನಗೆ ಅಮೆರಿಕದ ಮಿನೆಸೋಟಾದಲ್ಲಿ ಸ್ವಂತ ಮನೆಯಾದ ಮೇಲೆ ಕಟ್ಟಿಗೆ ಕೆಲಸದ ಹುಚ್ಚು ಹಿಡಿಯಿತು. ಇಲ್ಲಿ ಮರದ ಕೆಳಗೆ ಕೂಡ್ರುವ ಮಾತಿಲ್ಲ. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುತ್ತದೆ. ಕಟ್ಟಿಗೆ ಜೋಡಿಸುವ ಸಾಮಾನ್ಯ ಅಂಟು ಸುಮಾರು 10 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಎರಡು ಕಾರು ನಿಲ್ಲುವ ಗ್ಯಾರೇಜನ್ನೇ ವರ್ಕ್‌ಶಾಪ್ ಮಾಡಲು ನಿಶ್ಚಯಿಸಿದೆ.

ಮೊದಲ ತಿಂಗಳು ಗ್ರಾಫ್ ಕಾಗದದ ಮೇಲೆಯೇ ಕಳೆಯಿತು. ಒಂದೊಂದು ಯಂತ್ರದ ಅಳತೆಗೂ ರಟ್ಟಿನ ತುಂಡು ಕತ್ತರಿಸಿ, 22 ಅಡಿ ಚೌಕದ ನಕ್ಷೆಯ ಮೇಲೆ ಸರಿಸಾಡುತ್ತಿದ್ದೆ. 8 ಅಡಿ ಉದ್ದದ ಪ್ಲೈವುಡ್ ಹಾಳೆಯನ್ನು ಸೀಳಬೇಕಾದರೆ ಗರಗಸದ ಹಿಂದೆ 8 ಅಡಿ, ಮುಂದೆ 8 ಅಡಿ ತೆರವಿರಬೇಕು. ಹೀಗಾಗಿ ಗರಗಸ ನಟ್ಟನಡುವೆ ನಿಂತು, ಉಳಿದುದೆಲ್ಲ ಗೋಡೆಗೆ ಸರಿಯಿತು. ವಿದ್ಯುತ್ತಿನದು ಬೇರೆಯೇ ಕಥೆ. ಇಲ್ಲಿಯ ಮನೆಗಳ ಸಾಮಾನ್ಯ ಸಾಕೆಟ್‌ಗಳಲ್ಲಿ ಇರುವುದು 120 ವೋಲ್ಟ್. 3 ಅಶ್ವಶಕ್ತಿಯ ಗರಗಸಕ್ಕೆ 240 ವೋಲ್ಟ್‌ನ ಪ್ರತ್ಯೇಕ ಲೈನ್ ಎಳೆಸಬೇಕು. ಗರಗಸ ತಿರುಗುವಾಗಲೇ ಹೊಟ್ಟು ಹೀರುವ ಯಂತ್ರವೂ ತಿರುಗಬೇಕಾದ್ದರಿಂದ ಅದಕ್ಕೆ ಇನ್ನೊಂದು ಲೈನ್. ಗ್ಯಾರೇಜಿನ ಸಾಕೆಟ್‌ಗಳಿಗೆ ವಿದ್ಯುತ್ ಸೋರಿದೊಡನೆ ಲೈನ್ ಕಡಿಯುವ ನಮ್ಮ ಇಎಲ್‌ಸಿಬಿಯಂಥ ರಕ್ಷಣೆ ಕಡ್ಡಾಯ. ನಮ್ಮ ಮನೆಗಳಲ್ಲಿ ಅದು ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೆ ಬೀಳುತ್ತದೆ, ಇಲ್ಲಿ 5ರ ಸುಮಾರಿಗೇ.

ಲೈನ್ ಎಳೆಯಲು ಮೂವರು ಎಲೆಕ್ಟ್ರಿಷಿಯನ್ನರನ್ನು ಕರೆಸಿ ದರ ಬರೆಸಿಕೊಂಡೆ. ಅತಿ ಕಡಿಮೆ ಹೇಳಿದವನ ಕಾಗದದಲ್ಲಿ ಒಟ್ಟು ಮೊತ್ತದ ಒಂದೇ ಸಾಲು ಇತ್ತು. ನಡುವಿನ ದರದವನು ಪ್ರತಿ ಲೈನನ್ನೂ ಬಿಡಿಸಿ ಬರೆದಿದ್ದ. ಇವನ ಲೈಸೆನ್ಸನ್ನು ರಾಜ್ಯದ ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ಪರೀಕ್ಷಿಸಿ, ವಿಮೆಯ ಪ್ರಮಾಣಪತ್ರವನ್ನು ತರಿಸಿಕೊಂಡು, ಕೆಲಸ ಒಪ್ಪಿಸಿದೆ. ಊರಿನವರಿಗೆ ವಿಚಿತ್ರವೆನಿಸುವ ಇನ್ನೊಂದು ಕಾಗದವಿದೆ. ಗುತ್ತಿಗೆದಾರ ನನ್ನಿಂದ ಪೂರ್ತಿ ಹಣ ಪಡೆದು ಸಾಮಾನಿನ ಅಂಗಡಿಗೆ ಬಾಕಿ ಉಳಿಸಿದರೆ, ಆ ಅಂಗಡಿಯವರು ನನ್ನ ಮನೆಯ ಮೇಲೆಯೇ ಹಕ್ಕು ದಾಖಲಿಸಬಹುದು. ಆಸ್ತಿಯ ಉತಾರದಲ್ಲಿ ಸಾಲದ ಬೋಜಾ ಏರಿದಂತೆಯೇ ಸರಿ. ಅದಕ್ಕಾಗಿ ಪ್ರತಿ ಕಂತು ಕೊಡುವಾಗಲೂ ‘ಈ ಹಣದ ಮಟ್ಟಿಗೆ ಮನೆಯ ಮೇಲೆ ಹಕ್ಕಿಲ್ಲ’ ಎಂದು ಬರೆಸಿಕೊಂಡೆ. ಫೋನಿನಲ್ಲಿ ಇದನ್ನೆಲ್ಲ ಕೇಳಿದ ಅಪ್ಪ, “ಅಲ್ಲೋ, ಒಂದ್ ಖೋಲಿಗೆ ಇಷ್ಟ್ ಕಾಗದ ಯಾಕ ಬೇಕು? ಮನಶ್ಯಾ ಹೆಂಗ ಅದಾನ ಅದನ್ನ ಹೇಳು” ಎಂದರು. ಮನುಷ್ಯ ಹೇಗಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಇಲ್ಲಿ ಓಣಿಯೂ ಇಲ್ಲ, ಪರಿಚಯದವರೂ ಇಲ್ಲ.

ತಂತಿ ಎಳೆದ ಮೇಲೆ, ಗೋಡೆ ಮುಚ್ಚುವ ಮೊದಲು, ಸರಕಾರಿ ಪರೀಕ್ಷಕರು ಬಂದು ನೋಡಲೇಬೇಕು. ಅವರು ಬಂದು ಹತ್ತು ನಿಮಿಷದಲ್ಲಿ ಒಪ್ಪಿಗೆಯ ಚೀಟಿ ಅಂಟಿಸಿ ಹೋದರು. “ಚಾ ಕುಡಿಸಿದ್ಯೋ ಇಲ್ಲೋ?” ಎಂಬುದು ಅಪ್ಪನ ಪ್ರಶ್ನೆ. ಕೇಳಿದ್ದೆ, ಒಲ್ಲೆನೆಂದರು. ಅನಂತರ ಚಳಿ ತಡೆಯುವ ಹತ್ತಿಯಂಥ ಹಾಸು ತುಂಬಿ, ಮೇಲೆ ಜಿಪ್ಸಂ ಹಲಗೆ ಹೊಡೆಸಿ ಗೋಡೆ ಮುಚ್ಚಿಸಿದೆ.

ತಪ್ಪು ಕಂಡದ್ದು ಮೊದಲ ಬಾರಿ ಪ್ಲೈವುಡ್ ತಂದು ಗೋಡೆಗೆ ಒರಗಿಸಿದ ದಿನ. 4 ಅಡಿ ಅಗಲದ ಹಾಳೆಯನ್ನು ಅಡ್ಡಲಾಗಿ ನಿಲ್ಲಿಸಿದೊಡನೆ ಆ ಗೋಡೆಯ ಆರೂ ಸಾಕೆಟ್‌ಗಳು ಅದರ ಹಿಂದೆ ಮರೆಯಾದವು. ನಾನು ನಕ್ಷೆಯಲ್ಲಿ ಸಾಕೆಟ್‌ಗಳ ಸ್ಥಳ ಗುರುತಿಸಿದ್ದೆನೇ ಹೊರತು ಎತ್ತರ ಬರೆದಿರಲಿಲ್ಲ. ಎಲೆಕ್ಟ್ರಿಷಿಯನ್ ಇಲ್ಲಿಯ ರೂಢಿಯಂತೆ ನೆಲದಿಂದ ಒಂದೂವರೆ ಅಡಿಗೆ ಕೂಡ್ರಿಸಿದ್ದ. ಮಾವಿನ ಮರದ ಕೆಳಗಿನವರಾಗಿದ್ದರೆ ‘ಹಲಗಿ ಎಲ್ಲಿ ನಿಂದರಸ್ತೀರಿ?’ ಎಂದು ಕೇಳಿಯೇ ಕೇಳುತ್ತಿದ್ದರೆಂದು ಅಂದು ಸಿಟ್ಟಿನಿಂದ ಅಂದುಕೊಂಡೆ. ಆದರೆ ಅವನು ತನ್ನ ಕಾಗದದಲ್ಲಿದ್ದುದನ್ನು ಒಂದಿಂಚೂ ತಪ್ಪದೆ ಮಾಡಿದ್ದ, ಮತ್ತು ಆ ಕಾಗದಕ್ಕೆ ಸಹಿ ಮಾಡಿದವನು ನಾನೇ.

ಎರಡನೆಯ ಸಲ ‘ನೆಲದಿಂದ 50 ಇಂಚು’ ಎಂದು ಬರೆದುಕೊಟ್ಟೆ. ತಂತಿ ಮಾಳಿಗೆಯಿಂದ ಇಳಿದು ಬಂದಿದ್ದರಿಂದ ಪೆಟ್ಟಿಗೆಗಳನ್ನು ಮೇಲೆ ಸರಿಸುವುದು ಕಷ್ಟವಾಗಲಿಲ್ಲ. ಆದರೂ ಬದಲಾವಣೆಯ ಕೆಲಸವೆಂದು ಬೇರೆ ಬಿಲ್ ಬಂತು, ಗೋಡೆಯಲ್ಲಿ ಆರು ತೂತುಗಳು ಉಳಿದವು. ಅವುಗಳಿಗೆ ನಾನೇ ತೇಪೆ ಹಾಕಿದ್ದೇನೆ. ಬಣ್ಣ ಬಳಿಯುವುದು ಇನ್ನೂ ಆಗಿಲ್ಲ. ಪ್ಲೈವುಡ್ ಹಾಳೆಗಳು ಅವುಗಳ ಮುಂದೆಯೇ ಒರಗಿ ನಿಂತಿವೆ.